ಮೂಗರ್ಜಿ ಬರೆದವನ ಹೊಟ್ಟೆಕಿಚ್ಚು

ಹೋದ ಸೋಮವಾರ ಅರಕಲಗೂಡು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಕಾಂತರಾಜು. ಸೊಪ್ಪಿನ ಪುಟ್ಟಿ ಹೊತ್ತ ಹೆಂಗಸೊಬ್ಬಳು ಬಂದು ಒಂದು ಕಟ್ಟು ದಂಟಿನ ಸೊಪ್ಪನ್ನು ಅವನ ತೊಡೆಯ ಮೇಲಿಟ್ಟಳು.

"ಸಂದಾಗಿದ್ದೀಯಾ ಕಾಂತಣ್ಣ? ನೀನು ಬುಟ್ಟೋದ್ಮೇಲೆ ಬಸ್ಸೇ ಬ್ಯಾಸರ ಕಣಣ್ಣ."

ಆಮೇಲೆ ನನ್ನ ಕಡೆ ನೋಡಿದಳು. "ಇವ್ರು ಯಾರು?"

ಅದೇ ರೂಟಿನಲ್ಲಿ ವರ್ಷಗಟ್ಟಲೆ ಆಕೆಗೆ ಟಿಕೆಟ್ ಹರಿದುಕೊಟ್ಟವನು ನಾನು. (ಚಿಲ್ಲರೆಯನ್ನೂ ಕೊಟ್ಟಿದ್ದೇನೆ.)

ವಾರವಾರ ಈ ಅಂಕಣದಲ್ಲಿ ಊರಿನವರ ಹುಳುಕು ತೋರಿಸುತ್ತೇನೆ, ನೀವು ಓದಿ ನಗುತ್ತೀರಿ. ಈ ವಾರ ನನ್ನದು.

ಈಗ ನಾನು, ಕಾಂತರಾಜು ಇಬ್ಬರೂ ರಿಟೈರ್ಡ್. ಆಗ ಒಂದೇ ಡಿಪೋದ ಕಂಡಕ್ಟರುಗಳು. ಮಲ್ಲಿಪಟ್ಟಣದ ರೂಟು. ಅವನಿಗೆ ಬೆಳಗಿನ ಟ್ರಿಪ್, ನನಗೆ ಮಧ್ಯಾಹ್ನದ್ದು. ಜನ ಅವನ ಬಸ್ಸಿಗೆ ಕಾಯುತ್ತಿದ್ದರು, ನನ್ನ ಬಸ್ಸನ್ನು ಹತ್ತುತ್ತಿದ್ದರು. ವ್ಯತ್ಯಾಸ ತಿಳಿಯಿತಲ್ಲ?

ಅವನು ಮುದುಕಿಯರ ಮೂಟೆ ಎತ್ತಿಕೊಡುವನು. ಯಾರ ಮನೆಯ ಹಸು ಕರು ಹಾಕಿತೆಂದು ವಿಚಾರಿಸುವನು. ನಾನು? "ಮುಂದೆ ಹೋಗಿ, ಮುಂದೆ ಹೋಗಿ." ಅಷ್ಟೇ ನನ್ನ ಮಾತು.

ಹೊಟ್ಟೆ ಉರಿಯಿತು. ಬರೆದೆ. ಮ್ಯಾನೇಜರಿಗೆ, ಹೆಸರು ಹಾಕದೆ, 'ನೊಂದ ಪ್ರಯಾಣಿಕ' ಎಂದು. ಇದಕ್ಕೆ ಮೂಗರ್ಜಿ ಅನ್ನುತ್ತಾರೆ. ಮೂಗ ಹೇಗಾಯಿತು ಸ್ವಾಮಿ? ಅಷ್ಟು ಬಾಯಿರುವ ಅರ್ಜಿ ಬೇರೊಂದಿಲ್ಲ.

ಸ್ಟಾಪಿಲ್ಲದ ಕಡೆ ಬಸ್ ನಿಲ್ಲಿಸುತ್ತಾನೆ ಎಂಬುದು ಮೊದಲ ಅರ್ಜಿ. (ಇದು ನಿಜ. ಕಾಲುನೋವಿನವರಿಗೆ ನಿಲ್ಲಿಸುತ್ತಿದ್ದ.) ಆಮೇಲಿನವೆಲ್ಲ ಸುಳ್ಳು. ಕಾಸು ತಗೊಂಡು ಟಿಕೆಟ್ ಕೊಡುವುದಿಲ್ಲ, ಕುಡಿದು ಬರುತ್ತಾನೆ. ದೂರು ಬಂದಮೇಲೆ ಮ್ಯಾನೇಜರ್ ವಿಚಾರಿಸಲೇಬೇಕು. ಪ್ರತಿ ಸಲ ಅವನನ್ನು ಬಸ್ಸಿನಿಂದ ಇಳಿಸಿ ಆಫೀಸಿನ ಮುಂದೆ ಕೂರಿಸುವರು. ಇನ್ನೊಬ್ಬ ಬೈದುಕೊಂಡು ಡಬಲ್ ಡ್ಯೂಟಿ ಮಾಡುವನು. ಡಿಪೋದಲ್ಲಿ ಒಬ್ಬರ ಮೇಲೊಬ್ಬರಿಗೆ ಅನುಮಾನ. ನನ್ನ ಮೇಲೆ ಮಾತ್ರ ಯಾರಿಗೂ ಇಲ್ಲ ಅಂದುಕೊಂಡಿದ್ದೆ.

ಕೊನೆಗೆ ಕೆಲಸಕ್ಕೇ ಕುತ್ತು ತರುವ ನೋಟಿಸು ಬಂತು. ಅದನ್ನು ಹಿಡಿದು ಅವನು ಬಂದದ್ದು ಯಾರ ಹತ್ತಿರ?

"ಅಣ್ಣ, ನಿಮ್ ಬರವಣ್ಗೆ ಸಂದಾಗೈತೆ. ಉತ್ತರ ಬರ್ಕೊಡಿ."

ಬರೆದುಕೊಟ್ಟೆ. ನನ್ನದೇ ಸುಳ್ಳುಗಳಿಗೆ ನನ್ನದೇ ಉತ್ತರ. ಒಳ್ಳೆಯ ಉತ್ತರ. (ಪ್ರಶ್ನೆಪತ್ರಿಕೆ ತೆಗೆದ ಮೇಷ್ಟರಿಗೆ ಉತ್ತರ ತಿಳಿಯದೇ?) ಕೆಲಸ ಉಳಿಯಿತು, ರೂಟು ಉಳಿಯಲಿಲ್ಲ. ಅವನನ್ನು ಚನ್ನರಾಯಪಟ್ಟಣಕ್ಕೆ ಹಾಕಿದರು. ಬೆಳಗಿನ ಟ್ರಿಪ್ ನನಗೆ ಸಿಕ್ಕಿತು. ಮೊದಲ ದಿನವೇ ಒಬ್ಬಾಕೆ ಹತ್ತುತ್ತಾ ಕೇಳಿದಳು, "ಕಾಂತಣ್ಣ ಯಾವಾಗ್ ಬತ್ತಾನೆ?" ರಿಟೈರಾಗುವ ತನಕ ಅದೇ ಪ್ರಶ್ನೆ.

ಸೋಮವಾರ, ಸೊಪ್ಪಿನವಳು ಹೋದಮೇಲೆ, ತಡೆಯಲಾಗಲಿಲ್ಲ. "ಕಾಂತು, ಆ ಅರ್ಜಿಗಳನ್ನೆಲ್ಲ ಬರೆದೋನು ನಾನೇ ಕಣ್ಲಾ" ಅಂದೆ.

ಅವನು ಸೊಪ್ಪಿನ ಕಟ್ಟಿನಿಂದ ಹಣ್ಣೆಲೆ ಕಿತ್ತು ಬಿಸಾಡುತ್ತಿದ್ದ. ತಲೆ ಎತ್ತಲಿಲ್ಲ.

"ಗೊತ್ತಿತ್ತು ಬುಡಣ್ಣ. ಡಿಪೋದಲ್ಲಿ ಅಂಗೆ ಬರೆಯೋರು ಇನ್ಯಾರಿದ್ರು? ಅದ್ಕೇ ಉತ್ತರಾನೂ ನಿಮ್ಮತ್ರಾನೇ ಬರೆಸ್ದೆ. ನಾನು ತಪ್ಪು ಮಾಡಿಲ್ಲ ಅಂತ ನಿಮ್ಗಿಂತ ಸಂದಾಗಿ ಯಾರ್ಗೆ ಗೊತ್ತಿತ್ತು?"

ಕ್ಷಮಿಸು ಅನ್ನಬೇಕಿತ್ತು. ಅಷ್ಟರಲ್ಲಿ ಅವನ ಬಸ್ ಬಂತು. ಕಂಡಕ್ಟರ್ ಹುಡುಗ ಇಳಿದು ಅವನ ಕೈಹಿಡಿದು ಹತ್ತಿಸಿಕೊಂಡ.

ಈಗ ಮೊಬೈಲಿನಲ್ಲೇ ದೂರು ಒತ್ತಬಹುದಂತೆ. ಒತ್ತುವ ಮುಂಚೆ ಹೊಟ್ಟೆ ಮುಟ್ಟಿ ನೋಡಿಕೊಳ್ಳಿ, ಉರಿ ಇದೆಯೇ ಎಂದು. ನನ್ನದು ಇನ್ನೂ ಆರಿಲ್ಲ.

ಎಲ್ಲ ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನಿರಲು ಅವನಿಗೆ ಬಂತಲ್ಲ, ಅದಾದರೂ ನನಗೆ ಬರಬಾರದಿತ್ತೇ?