ಮುತ್ಲಾ ಏರಿನ ಗುಲಾಬಿ ಪೊದೆ

ನನ್ನ ಗಂಡ ಕಾರು ನಿಲ್ಲಿಸಿ, "ಇಗೋ, ಬೆಟ್ಟ" ಅಂದರು. ಎಲ್ಲಿ ಅಂತ ನಾನು ಸುತ್ತ ಹುಡುಕಿದೆ. ನೋಡಿದರೆ ನಾವು ಅದರ ಮೇಲೆಯೇ ನಿಂತಿದ್ದೆವು!

ಕುವೈತಿನ ಉತ್ತರಕ್ಕಿರುವ ಮುತ್ಲಾ ಏರು ಇದು. ಇಲ್ಲಿಯವರ ಪಾಲಿಗೆ ಬೆಟ್ಟ ಅಂದರೆ ಇದೇ. ಕಾರ್ಕಳದ ಬಂಡೆ ಹತ್ತಿ ಬೆಳೆದವಳು ನಾನು. ನಮ್ಮಲ್ಲಾದರೆ ಇದಕ್ಕೆ ಯಾರೂ ಹೆಸರನ್ನೇ ಇಡುತ್ತಿರಲಿಲ್ಲ. "ಎಂಥ ಮಾರಾಯ್ರೆ, ಇದಕ್ಕಾ ಶುಕ್ರವಾರ ಬೆಳ್ಳಂಬೆಳಗ್ಗೆ ನನ್ನನ್ನು ಎಬ್ಬಿಸಿದ್ದು?" ಅಂತ ರೇಗಿದೆ.

ತಪ್ಪು ಪಕ್ಕದ ಫ್ಲ್ಯಾಟಿನ ಫ್ಲೇವಿಯಾಳದ್ದು. ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಅವಳು ರಜೆಯಲ್ಲಿ ಜಾರ್ಜಿಯಾ ದೇಶದ ಬೆಟ್ಟಕ್ಕೆ ಹೋಗಿ, ಕೆಂಪು ಹಳದಿ ಮರಗಳ ನಡುವೆ ನಿಂತು ಫೋಟೋ ಹಾಕಿದ್ದಳು. ನನಗೆ ಹೊಟ್ಟೆ ಉರಿಯಿತು. ಹದಿನಾರು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟವಳನ್ನು ಎಲೆಯೇ ಇಲ್ಲದ ದೇಶಕ್ಕೆ ತಂದು ಕೂರಿಸಿದ್ದೀರಿ ಅಂತ ಗಂಡನ ಮೇಲೆ ಹರಿಹಾಯ್ದೆ. ಪ್ರಕಾಶ ಎಕ್ಸ್-ರೇ ಟೆಕ್ನಿಷಿಯನ್, ಮಾತು ಕಡಿಮೆ. "ನಮಗೂ ಬೆಟ್ಟ ಉಂಟು, ಬಾ" ಅಂದರು ಅಷ್ಟೆ.

ಅವರಿಗೂ ಗೊತ್ತಿತ್ತು. ನನ್ನ ಒಂದು ವರ್ಷದ ಸಂಬಳವಿಲ್ಲದ ರಜೆ ಮುಗಿಯಲು ಎರಡೇ ವಾರ ಉಳಿದಿತ್ತು. ಮರಳಿ ಕೆಲಸಕ್ಕೆ ಬರುತ್ತೇನೆ ಅಂತ ಪ್ರಾಂಶುಪಾಲರಿಗೆ ಪತ್ರ ಬರೆದಿಟ್ಟಿದ್ದೆ, ಕಳಿಸುವುದೊಂದೇ ಬಾಕಿ. ನಾನು ಬರುವ ಮೊದಲು ಹತ್ತು ವರ್ಷ ಇಲ್ಲಿ ಒಬ್ಬರೇ ಇದ್ದ ಮನುಷ್ಯ ಮತ್ತೆ ಒಬ್ಬರೇ ಆಗಬೇಕಿತ್ತು. ಹೋಗಬೇಡ ಅಂತ ಒಂದು ಮಾತು ಬಾಯಿಬಿಟ್ಟು ಹೇಳಬಾರದಾ? ಅದೇ ನನಗೆ ಸಿಟ್ಟು.

ಸಿಟ್ಟಿನಲ್ಲೇ ನಡೆದೆ. ಎಲ್ಲೆಲ್ಲೂ ಮಣ್ಣಿನ ಬಣ್ಣ, ನಡುನಡುವೆ ಒಣ ಕಡ್ಡಿಯ ಪೊದೆ. ಒಂದರ ಹತ್ತಿರ ಹೋಗಿ ಬಗ್ಗಿದೆ. ಅಯ್ಯೋ ದೇವರೇ! ಕಡ್ಡಿಯ ತುದಿಗೆಲ್ಲ ಕಾಗದದಷ್ಟು ತೆಳುವಾದ ರೆಕ್ಕೆ, ತಿಳಿ ಗುಲಾಬಿ ಬಣ್ಣ. ಹೂವಲ್ಲ, ಕಾಯಿ. ಚೂಡಿದಾರ ಮಣ್ಣಾದರೂ ಚಿಂತೆಯಿಲ್ಲ ಅಂತ ಕವುಚಿ ಮಲಗಿ ಮೊಬೈಲಿನಲ್ಲಿ ಒಂದರ ಮೇಲೊಂದು ಫೋಟೋ ತೆಗೆದೆ.

"ಫೋಟೋ ಮಮ್ನೂ!" ಎಂದು ಯಾರೋ ಕೂಗಿದರು. ಫೋಟೋ ಕೂಡದು ಅಂತ. ತಲೆಯೆತ್ತಿದರೆ ಬಿಳಿ ಉಡುಪಿನವನೊಬ್ಬ ದಾಪುಗಾಲು ಹಾಕಿ ಬರುತ್ತಿದ್ದ. ಪೊದೆಯ ಆಚೆಗೆ ಅವರ ಡೇರೆ, ಅದರ ಮುಂದೆ ಮನೆಯ ಹೆಂಗಸರು ಕೂತಿದ್ದರು. ನಮ್ಮ ಊರಿನಲ್ಲಿ ಫೋಟೋ ಅಂದರೆ ದಾರಿಯಲ್ಲಿ ಹೋಗುವವರೂ ಬಂದು ನಿಲ್ಲುತ್ತಾರೆ. ಇಲ್ಲಿ ಹೆಂಗಸರ ಕಡೆ ಕ್ಯಾಮೆರಾ ತಿರುಗಿಸಿದರೆ ಮರ್ಯಾದೆಯ ಪ್ರಶ್ನೆ. ಪ್ರಕಾಶ ಓಡಿ ಬಂದು ಹರಕು ಅರಬಿಯಲ್ಲಿ ಕ್ಷಮೆ ಕೇಳಿದರು.

ಅಷ್ಟರಲ್ಲಿ ಡೇರೆಯಿಂದ ಅವನ ತಾಯಿ, ಮುದುಕಿ, ಕೈಬೀಸಿ ನನ್ನನ್ನು ಕರೆದಳು. ಹೋಗಿ ಮೊಬೈಲು ಕೊಟ್ಟೆ. ಅವಳು ಒಂದೊಂದೇ ನೋಡಿದಳು. ಪೊದೆ, ಪೊದೆ, ಮತ್ತೂ ಪೊದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. "ರಿಮ್ತ್!" ಅಂದಳು. ಪೊದೆಯ ಹೆಸರು. ಒಂಟೆ ತಿನ್ನುವ ಗಿಡವನ್ನು ಯಾರಾದರೂ ಫೋಟೋ ತೆಗೆಯುತ್ತಾರಾ ಅಂತ ಕೇಳುತ್ತಿದ್ದಾಳೆ ಎಂದು ಪ್ರಕಾಶ ದೂರದಿಂದಲೇ ಕನ್ನಡದಲ್ಲಿ ಹೇಳಿದರು.

ಆಮೇಲೆ ಗಹ್ವಾ ಬಂತು, ಏಲಕ್ಕಿ ಹಾಕಿದ ಇಲ್ಲಿನ ಕಾಫಿ. ಬಟ್ಟಲು ಬೆರಳುದ್ದ. ಕೊಟ್ಟದ್ದನ್ನು ಬಿಡಬಾರದು ಅಂತ ಬರಿದು ಮಾಡಿದೆ. ಮತ್ತೆ ತುಂಬಿದರು. ಮತ್ತೆ ಕುಡಿದೆ. ಏಳಾಯಿತು! ಬಟ್ಟಲು ಬರಿದಾದರೆ ಇನ್ನೂ ಬೇಕು ಅಂತ ಅರ್ಥವಂತೆ; ಸಾಕಾದರೆ ಅದನ್ನು ಅಲ್ಲಾಡಿಸಿ ಕೊಡಬೇಕು. ಮುದುಕಿಯೇ ನನ್ನ ಮಣಿಕಟ್ಟು ಹಿಡಿದು ಅಲ್ಲಾಡಿಸಿ ಕಲಿಸಿದಳು. ಕೂಗಾಡಿದ ಮಗನೂ ಬಾಯಿ ತುಂಬ ನಕ್ಕ.

ನಂತರ ಅವಳು ನನ್ನನ್ನು ಪೊದೆಯಿಂದ ಪೊದೆಗೆ ಕರೆದೊಯ್ದಳು. ಒಂದೊಂದಕ್ಕೂ ಹೆಸರು, ಒಂದೊಂದಕ್ಕೂ ಕೆಲಸ; ಪ್ರಕಾಶ ದೂರದಿಂದಲೇ ಕನ್ನಡ ಮಾಡಿ ಹೇಳುತ್ತಿದ್ದರು. ನಾನು ಮೊದಲ ಬೆಂಚಿನ ಹುಡುಗಿಯ ಹಾಗೆ ತಿರುಗಿ ಹೇಳಿದೆ, ತಪ್ಪಿದರೆ ಬೈದಳು. ಮಳೆ ಬಿದ್ದರೆ ಅರ್ಫಜ್ ಅರಳಿ ಇದೆಲ್ಲ ಹಳದಿಯಾಗುತ್ತದೆ, ಆಗ ಬಾ ಅಂದಳು. ಅರ್ಫಜ್ ಅಂತ ತೋರಿಸಿದ್ದು ಪೂರ್ತಿ ಸತ್ತಂತಿದ್ದ ಪೊದೆ. ನಂಬದೆ ಒಂದು ಕಡ್ಡಿ ಉಗುರಿನಿಂದ ಕೆರೆದೆ. ಒಳಗೆ ಹಸಿರು ಇತ್ತು. ಒಂದು ವರ್ಷ ಇಲ್ಲಿ ಎಲೆಯಿಲ್ಲ ಎಂದು ಅತ್ತವಳು ನಾನು, ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ನಾಚಿಕೆಯಾಯಿತು.

ಮನೆಗೆ ಬಂದು ಪತ್ರ ತಿದ್ದಿದೆ. ಇನ್ನೊಂದು ವರ್ಷ ರಜೆ ಕೊಡಿ. ಆಗದಿದ್ದರೆ ಇದನ್ನೇ ರಾಜೀನಾಮೆ ಎಂದು ತಿಳಿಯಿರಿ. ಕಳಿಸಿಯೂ ಬಿಟ್ಟೆ.

ಪ್ರಕಾಶ ಓದಿ ಕಣ್ಣೊರೆಸಿಕೊಂಡರು. "ಪೊದೆಗೋಸ್ಕರವಾ?"

"ಮತ್ತೆ? ನೀವು ಇರು ಅಂತ ಹೇಳಿದ್ರಾ?"

"ಇರು," ಅಂದರು. ಕೊನೆಗೂ!

ಗುಲಾಬಿ ರೆಕ್ಕೆಯ ಫೋಟೋವನ್ನು ನನ್ನ ವಿದ್ಯಾರ್ಥಿನಿಯರಿಗೆ ಕಳಿಸಿದೆ. ಒಬ್ಬಳು ಕೂಡಲೇ ಕೇಳಿದಳು: "ಮೇಡಂ, ಇದು ಎಲ್ಲಿ ಬೆಳೆಯುವುದು?"

"ನಮ್ಮಲ್ಲಿ," ಎಂದು ಬರೆದೆ. ಬರೆದ ಮೇಲೆ ಗಮನಿಸಿದೆ, ನಾನು ಹಾಗೆ ಅಂದದ್ದು ಕುವೈತಿಗೆ. ಓದುವವಳು ಕಾರ್ಕಳದಲ್ಲಿ ಕೂತಿದ್ದಳು. ಅಳಿಸಲು ಬೆರಳು ಹೋಯಿತು, ಆದರೆ ಅಳಿಸಲಿಲ್ಲ.