ಮಗಳ ಕಾಲೇಜು, ಕಾಲೊನಿಯ ಪಂಚಾಯಿತಿ

ಬೆಳಿಗ್ಗೆ ಒಗೆದು ಹಾಕಿದ ಬಿಳಿ ಹಾಸು ಸಂಜೆಗೆ ಗಣಿಯ ಧೂಳು ಕೂತು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ದೋಣಿಮಲೈಗೆ ಬಂದ ಮೊದಲ ವಾರ ಅದನ್ನು ಮತ್ತೆ ಒಗೆದೆ. ಮರುದಿನವೂ ಅದೇ ಕಥೆ. ಪಕ್ಕದ ಕ್ವಾರ್ಟರ್ಸಿನ ಶಾಂತಕ್ಕ ಬಾಗಿಲು ಬಡಿಯದೆ ಸೀದಾ ಒಳಗೆ ಬಂದು, "ಎಷ್ಟ್ ಒಗದ್ರೂ ಅಷ್ಟ ಐತ್ರೀ. ಬಿಳೇದು ಬ್ಯಾಡ, ಬಣ್ಣದ್ದು ಹಾಸ್ರಿ" ಅಂದರು. ಆಮೇಲೆ ಕೂತು, ಚಹಾ ಕುಡಿದೇ ಹೋದರು. ಹಾಸಿಗಿಂತ ಹೆಚ್ಚು ನನ್ನನ್ನು ದಂಗುಬಡಿಸಿದ್ದು ಆ ಬಾಗಿಲು. ಮೈಸೂರಿನಲ್ಲಿ ನೆರೆಯವರು ಬೆಲ್ ಒತ್ತುತ್ತಾರೆ, ನಮ್ಮ ವಿಷಯ ವಿಚಾರಿಸುತ್ತಾರೆ, ತಮ್ಮ ಅಭಿಪ್ರಾಯವನ್ನು ಮಾತ್ರ ಮನೆಗೆ ಹೋದ ಮೇಲೆ ಹೇಳಿಕೊಳ್ಳುತ್ತಾರೆ. ಇಲ್ಲಿ ಅಭಿಪ್ರಾಯ ಮೊದಲು, ಚಪ್ಪಲಿ ಬಿಡುವುದು ಆಮೇಲೆ.

ಯಜಮಾನರಿಗೆ ಗಣಿಯಲ್ಲಿ ಕೆಲಸ ಸಿಕ್ಕಿತೆಂದು ಬಂದವರು ನಾವು. ಆಗ ಮಗಳು ಸಿಂಚನ ನನ್ನ ಸೊಂಟದ ಮೇಲಿದ್ದಳು. ಈಗ ಅವಳ ಪಿಯುಸಿ ಮುಗಿದಿದೆ. ಯಾವ ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು ಎಂಬ ಪ್ರಶ್ನೆ ಹುಟ್ಟಿದ ದಿನದಿಂದ ನನ್ನ ತಲೆ ಚಿಟ್ಟು ಹಿಡಿದಿದೆ.

ಅವಳಿಗೆ ಓದಬೇಕಿರುವುದು ಭೂವಿಜ್ಞಾನ. ಅದರಲ್ಲಿ ಗೊಂದಲವಿಲ್ಲ, ಚಿಕ್ಕಂದಿನಿಂದ ಆರಿಸಿ ತಂದ ಕಲ್ಲುಗಳಿಂದ ನಮ್ಮ ಕಿಟಕಿಗಳು ಮುಚ್ಚುವುದೇ ಕಷ್ಟ. ಗೊಂದಲವೆಲ್ಲ ಯಾವ ಊರು ಎಂಬುದರದು. ಅದನ್ನು ಬಗೆಹರಿಸುವ ಹೊಣೆಯನ್ನು ಇಲ್ಲಿ ಸ್ಟಾಫ್ ಬಸ್ಸು ಹೊತ್ತುಕೊಂಡಿದೆ. ಶಿಫ್ಟಿಗೆ ಹೋಗುವ ಬರುವ ದಾರಿಯಲ್ಲಿ ಮದುವೆ, ಮನೆ, ಮಂಡಿನೋವು ಎಲ್ಲ ಆ ಬಸ್ಸಿನಲ್ಲೇ ತೀರ್ಮಾನವಾಗುತ್ತವೆ. ಯಜಮಾನರು ಬೆಳಿಗ್ಗೆ "ಧಾರವಾಡವೇ ಸರಿ ಕಣೇ" ಎಂದು ಹತ್ತಿದರೆ, ಸಂಜೆ "ಬಳ್ಳಾರಿ ಅಂತಾರಲ್ಲ ಎಲ್ಲರೂ" ಎಂದು ಇಳಿಯುತ್ತಾರೆ. ಒಂದು ದಿನ ಹಿಂದಿನ ಸೀಟಿನ ಒಡಿಶಾದವರ ಜೊತೆ ಕೂತು ಬಂದಿರಬೇಕು, ಭುವನೇಶ್ವರ ಎಂದರು! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಒಂದೇ ಎತ್ತು ಎರಡೂ ಕಡೆ ಎಳೆಯುತ್ತಿತ್ತು.

ಶಾಂತಕ್ಕನ ಲೆಕ್ಕವೇ ಬೇರೆ. ಅವರು ಕಂಪ್ಲಿಯವರು. ಮೂವರು ಮಕ್ಕಳನ್ನೂ ದೂರ ಕಳಿಸಿ ಓದಿಸಿದವರು.

"ಹೊಸಪ್ಯಾಟಿ ಸ್ಟೇಷನ್‌ದಾಗ ಹತ್ತಿಸಿದ್ರ ಓದೋ ಊರಾಗ ಇಳೀಬೇಕ್ರಿ. ನಡುವ ಗಾಡಿ ಬದಲಿ ಇರಬಾರದು. ಕಲಬುರಗಿ ಬ್ಯಾಡ, ಗುಂತಕಲ್‌ದಾಗ ಇಳದು ಹತ್ತಬೇಕಾಗ್ತತಿ."

"ಅಲ್ಲಿ ಪಾಠ ಹೇಗಿದೆ ಅಂತ ನೋಡೋದು ಬೇಡವೇ ಶಾಂತಕ್ಕ?"

"ಪಾಠ ಎಲ್ಲಾ ಕಡೆ ಪುಸ್ತಕದಾಗ ಇರ್ತತಿ. ರೊಟ್ಟಿ ಇರ್ತತೇನ್ರಿ?"

ಅವರ ಪ್ರಕಾರ, ಮಗು ಎಲ್ಲೇ ಓದಲಿ, ಖಡಕ್ ರೊಟ್ಟಿಯ ಕಟ್ಟು ಮತ್ತು ಗುರೆಳ್ಳು ಚಟ್ನಿಪುಡಿ ಹಿಂದೆ ಹೋಗಬೇಕು. ಹಪ್ಪಳದ ಹಾಗೆ ಒಣಗಿಸಿದ ಈ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ನಮ್ಮ ಕಡೆಯ ಮುದ್ದೆಯನ್ನು ಇಲ್ಲೇ ಪಕ್ಕದ ಸಂಡೂರಿನ ತನಕ ಕಳಿಸಲೂ ಆಗದು. ದೂರ ಹೋಗುವ ಮಕ್ಕಳಿಗೆ ಈ ಊರು ಮೊದಲೇ ಊಟ ಕಂಡುಹಿಡಿದಿಟ್ಟಿದೆಯಲ್ಲ ಎಂದು ನನಗೆ ಹೊಟ್ಟೆಕಿಚ್ಚೂ ಆಯಿತು.

ಇಷ್ಟೆಲ್ಲ ಸಿಡುಕುವ ನಾನೇನು ಸಾಚಾ ಅಲ್ಲ. ನನ್ನ ಬಾಯಲ್ಲಿ ಒಂದೇ ಮಂತ್ರ, ಮೈಸೂರು. ಒಳ್ಳೆಯ ಪ್ರಾಧ್ಯಾಪಕರು, ಒಳ್ಳೆಯ ಹವೆ, ನೆರಳಿನ ರಸ್ತೆ, ಜೊತೆಗೆ ಅಣ್ಣನ ಮನೆ. ಒಳಗಿನ ಆಸೆ ಬೇರೆಯದೇ. ಮಗಳಿಗೆ ಅಲ್ಲಿ ಸೀಟು ಸಿಕ್ಕರೆ ಅವಳ ನೆಪದಲ್ಲಿ ನಾನೂ ಒಂದು ಬಾಡಿಗೆ ಮನೆ ಹಿಡಿದು ಊರು ಸೇರಬಹುದು. ಇಷ್ಟು ವರ್ಷ "ಇನ್ನೇನು ಹೊರಟೇಬಿಡ್ತೀವಿ" ಎಂದುಕೊಂಡೇ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದೆ ಬದುಕಿದವಳು ನಾನು. ಈ ಅರ್ಜಿ ನನ್ನದೂ ಆಗಿತ್ತು.

ಕೊನೆಯ ದಿನ ಹತ್ತಿರವಾದಾಗ, ಈ ಗಲಾಟೆಯಿಂದ ತಪ್ಪಿಸಿಕೊಳ್ಳಲು ನಾನು, ಸಿಂಚನ ಇಬ್ಬರೂ ಹಂಪಿಗೆ ಹೋದೆವು. ಪ್ರವಾಸಿಗರು ಗುಡಿ ನೋಡುತ್ತಿದ್ದರೆ ಇವಳು ಬಂಡೆ ತಟ್ಟುತ್ತಿದ್ದಳು. ಕಮಲಾಪುರದಲ್ಲಿ ಬಸ್ಸಿಗೆ ಕಾಯುತ್ತಾ ಒಗ್ಗರಣಿ ತಿಂದೆವು. ಇಲ್ಲಿ ಒಗ್ಗರಣಿ ಎಂದರೆ ನೆನೆಸಿದ ಮಂಡಕ್ಕಿಯ ತಿಂಡಿ, ಜೊತೆಗೆ ಮಿರ್ಚಿ ಬಜ್ಜಿ. ನಾನು ಮತ್ತೆ ಮೈಸೂರು ಎಂದೆ. ಅವಳು ಮಿರ್ಚಿ ಕೆಳಗಿಟ್ಟಳು.

"ಅಮ್ಮ, ಹತ್ತು ಕಡೆ ಹಾಕಿದ್ರ ಬಸ್ಸಿನ್ಯಾಗ ಮತ್ತ ಮೀಟಿಂಗ್ ಕೂಡ್ತತಿ. ನಾ ಎರಡ ಕಡೆ ಹಾಕಾಕಿ. ಧಾರವಾಡ, ಮೈಸೂರು. ಸಿಕ್ರ ಮೈಸೂರಿಗೇ ಹೋಗ್ತೀನಿ."

ನನಗೆ ಕುಣಿಯುವಷ್ಟು ಖುಷಿಯಾಯಿತು. "ಹಾಗಾದರೆ ಅಣ್ಣನಿಗೆ ಫೋನ್ ಮಾಡಿ ಮನೆ ನೋಡು ಅಂತೀನಿ. ನಿನ್ನ ಜೊತೆ ನಾನೂ…"

"ನೀ ಬರಬ್ಯಾಡ. ನಾ ಹಾಸ್ಟೆಲ್‌ದಾಗ ಇರ್ತೀನಿ."

"ಯಾಕೇ? ನಾನು ನಿನಗೆ ಭಾರವೇ?"

"ಭಾರ ಅಲ್ಲಮ್ಮ. ನೀನೂ ಅಲ್ಲೇ ಬಂದ್ರ, ರಜಾದಾಗ ಊರಿಗೆ ಬಂದಾಗ ನನ್ನ ಹಾದಿ ನೋಡೋರು ಯಾರು? ಅಪ್ಪ ಶಿಫ್ಟಿಗೆ ಹೋಗಿರ್ತಾನ. ಕೀಲಿ ಹಾಕಿದ ಮನಿಗೆ ಬರ್ಲೇನು?"

ಊರು ಎಂದಳಲ್ಲ, ಅದು ದೋಣಿಮಲೈ. ನಾನು ಗೋಡೆಗೆ ಮೊಳೆ ಹೊಡೆಯದ ಮನೆ. ಅಲ್ಲಿಯ ತನಕ ಅದು ಯಾರಿಗಾದರೂ ತವರಾಗುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಸಿಟ್ಟು ಬಂತು, ಅಳುವೂ ಬಂತು. ಮಿರ್ಚಿ ಖಾರ ಎಂದು ನೀರು ಕುಡಿದೆ.

ಮನೆಗೆ ಬಂದು ಇಬ್ಬರೂ ಕೂತು ಧಾರವಾಡದ, ಮೈಸೂರಿನ ಅರ್ಜಿಗಳನ್ನು ಕಳಿಸಿದೆವು. ಕಳಿಸುವಷ್ಟರಲ್ಲಿ ಎಂದಿನಂತೆ ಬಾಗಿಲು ಬಡಿಯದೆ ಶಾಂತಕ್ಕ ಬಂದರು.

"ಯಾವೂರು ಆತ್ರೀ ಕಡೀಗೆ?"

"ಸಿಕ್ಕರೆ ಮೈಸೂರು" ಎಂದೆ.

"ಗಾಡಿ ಸೀದಾ ಐತಿ ಬಿಡ್ರಿ" ಎಂದು ಕುಂತರು. ಆಮೇಲೆ ಸಿಂಚನಳ ತಲೆ ಸವರುತ್ತಾ, "ಆದ್ರೂ ಭಾಳ ದೂರ ಆತಲ್ರೀ" ಎಂದರು.

ಮೈಸೂರು ದೂರವೇ! ಅಲ್ಲಿಂದ ಇದು ದೂರವೆಂದು ಇಷ್ಟು ವರ್ಷ ಗೊಣಗಿದವಳು ನಾನು. ಏನೋ ಹೇಳಹೊರಟೆ. ಬಾಯಿಂದ ಬಂದದ್ದು ಬೇರೆಯೇ.

"ಹೌದ್ರೀ ಶಾಂತಕ್ಕ, ಭಾಳ ದೂರ. ರೊಟ್ಟಿ ಒಣಗಿಸೋದು ಹ್ಯಾಂಗ, ನನಗ ಹೇಳಿಕೊಡ್ರಿ."