ದೀಪದ ಮೇಲಿನ ಪೆಟ್ಟಿಗೆ

ಡಾಟ್ ಕಾಮ್ ಕಾಲದಲ್ಲಿ ಕಡಲಾಚೆಯ ನಮ್ಮೂರಿನ ಎಲ್ಲ ಸಾಮಾನಿಗೂ ಬುದ್ಧಿ ಬರುತ್ತಿತ್ತು. ನಾಯಿಯ ಊಟಕ್ಕೊಂದು ಕಂಪನಿ, ಕೊಳೆ ಬಟ್ಟೆಗೊಂದು ಕಂಪನಿ, ಅವಕ್ಕೆಲ್ಲ ದುಡ್ಡು ಸುರಿಯಲು ಮಹನೀಯರು. ನಮ್ಮ ಯಜಮಾನರ ಕಂಪನಿ ಮನೆಯ ಹೀಟರಿಗೆ ಬುದ್ಧಿ ಕಲಿಸುತ್ತಿತ್ತು. ಮನೆ ತಣ್ಣಗಾದರೆ ತಾನೇ ಹೀಟರು ಹಚ್ಚಿ, ಬೆಚ್ಚಗಾದರೆ ತಾನೇ ಆರಿಸಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ತಾನೂ ಮಲಗಿ, ಗ್ಯಾಸು ಉಳಿಸಿ ಭೂಮಿಯನ್ನು ಕಾಪಾಡುವ ಒಂದು ಬಿಳಿ ಪೆಟ್ಟಿಗೆ. ದಿನಕ್ಕೊಮ್ಮೆ ಅದು ಫೋನ್ ತಂತಿಯಲ್ಲಿ ಆಫೀಸಿಗೆ ವರದಿ ಒಪ್ಪಿಸುತ್ತಿತ್ತು. ನಾನು ತವರಿಗೂ ಅಷ್ಟು ತಪ್ಪದೆ ಫೋನು ಮಾಡಿದವಳಲ್ಲ.

ಪರೀಕ್ಷೆಗೆ ಸಿಕ್ಕ ಮೊದಲ ಮನೆ ಬೆರ್ರಿಯೆಸಾ ಬಡಾವಣೆಯ ನಮ್ಮ ಬಾಡಿಗೆ ಮನೆ. ಪೆಟ್ಟಿಗೆ ನಡುಮನೆಯ ಓಣಿಯಂಥ ಜಾಗದ ಗೋಡೆ ಏರಿತು. ಅದರ ಹಿಂದೆಯೇ ಹಾಸನದಿಂದ ಅತ್ತೆ ಬಂದರು. ಬೇಸಿಗೆಯವರೆಗೆ ಇರುವುದೆಂದು ಮಾತಾಗಿತ್ತು. ನಮ್ಮ ಪುಟ್ಟ ಮಗಳು ಡೇಕೇರು ಬಿಟ್ಟು ಅಜ್ಜಿಯ ಮಡಿಲು ಹಿಡಿದಳು. ಅಲ್ಲಿಯವರೆಗೆ ನನ್ನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ ಆ ಮಡಿಲಲ್ಲಿ ಕೂತು "ಇನ್ನೊಂದ್ ಕತೆ" ಎನ್ನತೊಡಗಿದಳು. ಅತ್ತೆ ಬೇಗ ಹೊರಟುಬಿಟ್ಟರೆ ಎನ್ನುವುದೊಂದೇ ನನ್ನ ಭಯ.

ಅತ್ತೆ ಸೀರೆಗಳ ನಡುವೆ ಸುತ್ತಿ ತಂದದ್ದು ದಪ್ಪ ಹಿತ್ತಾಳೆ ದೀಪ. ಬೆಳಗ್ಗೆ ಹಚ್ಚಿದರೆ ಮಲಗುವವರೆಗೆ ಆರಬಾರದು. ದೇವರು ಪೂರ್ವಕ್ಕೆ ಮುಖ ಮಾಡಿ ಕೂರಬೇಕು. ಕಿಟಕಿ, ಟಿವಿ, ಬಟ್ಟೆಯ ಕಪಾಟು ಕಳೆದು ಅಂಥ ಗೋಡೆ ಉಳಿದದ್ದು ಒಂದೇ, ಪೆಟ್ಟಿಗೆಯ ಕೆಳಗಿನದು. ಇಂಜಿನಿಯರಾದ ನಮ್ಮ ಯಜಮಾನರೇ ಅಲ್ಲೊಂದು ಹಲಗೆ ಹೊಡೆದರು. ಹಲಗೆ ಕೂದಲೆಳೆಯಷ್ಟೂ ವಾಲಿಲ್ಲವೆಂದು ಮಟ್ಟಗೋಲು ಇಟ್ಟು ನೋಡಿ ತೃಪ್ತಿಪಟ್ಟರು.

ಚಳಿಗಾಲ ಬಂತು. ಹೀಟರಿಗೆ ಜೀವ ಬರಲಿಲ್ಲ. ಅತ್ತೆ ಸ್ವೆಟರಿನ ಮೇಲೆ ಮಗನ ಕಂಪನಿಯವರು ಪುಕ್ಕಟೆ ಕೊಟ್ಟ ಜಾಕೆಟ್ಟು, ಅದರ ಮೇಲೆ ಶಾಲು, ತಲೆಗೆ ಮಂಕಿ ಕ್ಯಾಪು ಹಾಕಿಕೊಂಡು ಓಡಾಡಿದರು. ಇಡ್ಲಿಗೆ ರುಬ್ಬಿಟ್ಟ ಹಿಟ್ಟು ಬೆಳಗ್ಗೆ ನೋಡಿದರೂ ಇಟ್ಟ ಹಾಗೇ ಇರುತ್ತಿತ್ತು. ಯಜಮಾನರು ಪೆಟ್ಟಿಗೆಯ ಮುಂದೆ ನಿಂತು ಅಂಕಿ ಓದಿದರು.

"ಅಮ್ಮಾ, ಟೆಂಪರೇಚರು ಪರ್ಫೆಕ್ಟಾಗಿದೆ. ನಿಂಗೆ ಚಳಿ ಆಗೋಕೆ ಚಾನ್ಸೇ ಇಲ್ಲ."

"ಡಬ್ಬಕ್ಕೆ ಚಳಿ ಇಲ್ದೇ ಇದ್ರೆ ಆಯ್ತಾ ಮಗಾ? ನಂಗಾಗ್ತದಲ್ಲ."

ನನ್ನ ಕಾಲ್ಬೆರಳುಗಳ ಅಭಿಪ್ರಾಯವನ್ನಂತೂ ಯಾರೂ ಕೇಳಲಿಲ್ಲ. ಅತ್ತ ಆಫೀಸಿನಲ್ಲಿ ನಮ್ಮ ಮನೆಗೆ ಜಯಕಾರ. ಇಷ್ಟು ಗ್ಯಾಸು ಉಳಿಸಿದ ಮನೆ ಇನ್ನೊಂದಿಲ್ಲವಂತೆ, ದುಡ್ಡು ಹಾಕುವವರಿಗೆ ತೋರಿಸಲು ನಮ್ಮ ಮನೆಯ ಗ್ರಾಫನ್ನೇ ಆರಿಸಿದ್ದರಂತೆ. ಅದೇ ವಾರ ಅತ್ತೆ ವಾಪಸು ಟಿಕೀಟಿನ ದಿನವನ್ನು ಬೇಸಿಗೆಗೆ ಮುಂಚೆಯೇ ಮಾಡಿಸಲಾದೀತೇ ಎಂದು ನನ್ನ ಹತ್ತಿರ ಮೆಲ್ಲಗೆ ವಿಚಾರಿಸಿದರು.

ಅಷ್ಟರಲ್ಲಿ ಊರಿನಿಂದ ಫೋನು ಬಂತು. ದಾಯಾದಿಗಳ ಪೈಕಿ ಹಿರಿಯರೊಬ್ಬರು ತೀರಿಕೊಂಡಿದ್ದರು. ನಮಗೆ ಸೂತಕ. ಅತ್ತೆ ದೇವರ ಹಲಗೆಗೆ ಬಟ್ಟೆ ಮುಚ್ಚಿದರು, ದೀಪ ಹಚ್ಚಲಿಲ್ಲ. ಆವತ್ತೇ ಹೀಟರು ಗುರ್ರೆಂದಿತು. ಮರುದಿನ ಹಿಟ್ಟು ಪಾತ್ರೆ ಮೀರಿ ಕಟ್ಟೆಯ ಮೇಲೆ ಹರಿದಿತ್ತು. ಅತ್ತೆಯ ಮಂಕಿ ಕ್ಯಾಪು ಇಳಿಯಿತು, ಯಜಮಾನರ ಮುಖವೂ ಇಳಿಯಿತು. ಗ್ರಾಫು ಕೆಟ್ಟಿತ್ತು. ಸತ್ತವರಿಗೆ ಪಡದಷ್ಟು ದುಃಖವನ್ನು ಅವರು ಅದಕ್ಕೆ ಪಟ್ಟು, ಪೆಟ್ಟಿಗೆ ಕೆಟ್ಟಿರಬೇಕೆಂದು ಹೊಸದೊಂದನ್ನು ತಂದು ಹಾಕಿದರು. ಅದೂ ಹೀಟರನ್ನು ಹಚ್ಚಿಯೇ ಹಚ್ಚಿತು.

ಸೂತಕ ಕಳೆಯಿತು. ಮನೆ ತೊಳೆದು ಅತ್ತೆ ಮತ್ತೆ ದೀಪ ಹಚ್ಚಿದರು. ಹೀಟರು ತಣ್ಣಗೆ ಮಲಗಿತು, ಮಂಕಿ ಕ್ಯಾಪು ತಲೆಗೇರಿತು. ಹಿಟ್ಟು ಉಬ್ಬಿದ ದಿನ, ಉಬ್ಬದ ದಿನ ನೆನಪಿಡುವುದು ನನಗಿರುವ ವಿದ್ಯೆ. ದೀಪಕ್ಕೂ ಪೆಟ್ಟಿಗೆಗೂ ನಡುವೆ ಅಂಗೈ ಒಡ್ಡಿ ನೋಡಿದೆ. ಹಿತವಾಗಿತ್ತು. ಯಜಮಾನರನ್ನು ಕರೆದೆ.

"ರೀ, ನಿಮ್ ಪೆಟ್ಟಿಗೆ ಇಡೀ ದಿನ ದೀಪದಲ್ಲಿ ಮೈ ಕಾಯಿಸ್ಕೊಂಡು ಕೂತಿದೆ. ಅದಕ್ಕೆ ಚಳಿ ಹೇಗಾಗುತ್ತೆ?"

ಅವರೂ ಕೈ ಒಡ್ಡಿದರು. ಆಮೇಲೆ, ಹೂಡಿಕೆದಾರರು ಆಫೀಸಿಗೆ ಬಂದು ಹೋಗುವವರೆಗೆ ಏನನ್ನೂ ಅಲುಗಿಸುವುದು ಬೇಡ, ಅದಾದ ಮೇಲೆ ದೀಪವನ್ನು ಅಡುಗೆಮನೆಗೆ ಸಾಗಿಸೋಣ ಎಂದು ಯೋಜನೆ ಹೇಳಿದರು. ಸೋಫಾದಲ್ಲಿದ್ದ ಅತ್ತೆಗೆ ಕೇಳಿಸಿತು.

"ದೇವ್ರನ್ಯಾಕೆ ಅಲ್ಲಾಡಿಸ್ತೀಯ? ಡಬ್ಬ ತೆಗಿ."

ಡಬ್ಬವೇ ಮೊದಲು ಬಂದದ್ದು ಎಂದು ಯಜಮಾನರು ನ್ಯಾಯ ಮಾತಾಡಿದರು.

"ಹಂಗಾರೆ ಅದನ್ನೇ ಸಾಕ್ಕೊ. ನನ್ ಟಿಕೀಟ್ ಮಾಡ್ಸು."

ಮಡಿಲಲ್ಲಿದ್ದ ಮಗಳು ಅಜ್ಜಿಯ ಶಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನೋ ಅಜ್ಜಿ. ಹೋಗ್ಬೇಡ."

ಯಜಮಾನರು ಮಗಳನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಗ್ಯಾರೇಜಿಗೆ ಹೋಗಿ ಸ್ಕ್ರೂಡ್ರೈವರು ತಂದರು. ಪೆಟ್ಟಿಗೆ ಉದ್ದನೆಯ ತಂತಿ ಎಳೆದುಕೊಂಡು ಸೋಫಾದ ಪಕ್ಕದ ಗೋಡೆಗೆ ಬಂತು. ಮನೆ ಬೆಚ್ಚಗಾಯಿತು, ಗ್ರಾಫು ನೆಲ ಕಚ್ಚಿತು. ವಿಷಯ ತಿಳಿಸಿದಾಗ ಅವರ ಬಾಸು ಶಾಂತವಾಗಿ, ಹಳೆಯ ಗ್ರಾಫೇ ಚೆನ್ನಾಗಿದೆ, ದೀಪದ ಸುದ್ದಿ ಎತ್ತಬೇಡ ಎಂದನಂತೆ. ಉಳಿತಾಯ ಕಲಿಸುತ್ತಿದ್ದ ಆ ಕಂಪನಿ ಇದ್ದಬದ್ದ ದುಡ್ಡನ್ನೆಲ್ಲ ಖರ್ಚು ಮಾಡಿ, ಚಳಿಗಾಲ ಮುಗಿಯುವಷ್ಟರಲ್ಲಿ ಬಾಗಿಲು ಹಾಕಿತು. ಪೆಟ್ಟಿಗೆ ಮಾತ್ರ ಯಾರೂ ಎತ್ತದ ಫೋನಿಗೆ ದಿನಾ ವರದಿ ಒಪ್ಪಿಸುತ್ತಲೇ ಇತ್ತು.

ಅತ್ತೆ ಬೇಸಿಗೆಯವರೆಗೆ ಇದ್ದರು. ದಿನಾ ಬೆಳಗ್ಗೆ ದೀಪ ಹಚ್ಚಿ, ಮೊಮ್ಮಗಳ ಕೈ ಹಿಡಿದು ಪೆಟ್ಟಿಗೆಯ ಮುಂದೆ ಬರುತ್ತಿದ್ದರು.

"ಏನಪ್ಪಾ, ಚಳಿ ಆಯ್ತಾ ನಿಂಗೆ?"

ಹೀಟರು ಗುರ್ರೆಂದರೆ ಮಗಳೇ ಅದರ ಪರವಾಗಿ ಹೇಳುತ್ತಿದ್ದಳು. "ಆಯ್ತಂತೆ ಅಜ್ಜಿ."